ಲೋಳೆ ಮೊಸರು, ಲೋಳೆ ಬಿಯರು

ಈ ಸಲ ಪುನರ್ವಸು ಮಳೆ ಹಿಡಿದಿದ್ದು ಬಿಡಲೇ ಇಲ್ಲ, ಮೂರು ದಿನ ಕರೆಂಟಿಲ್ಲ, ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಮೊಸರಿನ ಪಾತ್ರೆಗೆ ಸೌಟು ಹಾಕಿ ಎತ್ತಿದ್ರೆ ಸೌಟಿನ ಜೊತೆ ಮೊಸರೂ ಎಳೆ ಎಳೆಯಾಗಿ ಎದ್ದು ಬಂತು, ಹಲಸಿನ ಮೇಣ ಎಳೆದಂಗೆ. "ಥೂ, ಲೋಳೆ ಆಗಿದೆ. ಹೆಪ್ಪೇ ಕೆಟ್ಟೋಯ್ತು ಮಾರಾಯ" ಅಂದ್ಲು. ನಾನು ಕಾಫಿ ಲೋಟ ಹಿಡ್ಕೊಂಡು ಅಲ್ಲೇ ಒಲೆ ದಂಡೆ ಹತ್ರ ನಿಂತಿದ್ದೆ. "ಚೆಲ್ಬೇಡ, ಇಡು, ಎರಡು ತಿಂಗಳಲ್ಲಿ ಸರಿ ಹೋಗುತ್ತೆ" ಅಂತ ಬಾಯಿಂದ ಬಂದೇಬಿಡ್ತು. ಅಮ್ಮ ತಿರುಗಿ ನೋಡಿದ ನೋಟ ಇತ್ತಲ್ಲ, ಅದನ್ನ ಬರೆಯೋಕಾಗಲ್ಲ. ಮೊಸರು ಕಲಗಚ್ಚಿನ ಬಾನಿಗೆ ಹೋಯ್ತು.

ಎರಡು ತಿಂಗಳು ಅಂದಿದ್ದು ಹುಚ್ಚಿಗಲ್ಲ. ಮೊಸರಿನ ಲೆಕ್ಕ ಅಲ್ಲ ಅದು, ಬಿಯರಿನ ಲೆಕ್ಕ, ಹಳೇ ಅಭ್ಯಾಸದ ಮೇಲೆ ಬಂದುಬಿಟ್ಟಿದ್ದು.

2014ರಿಂದ 2018ರವರೆಗೆ ಕೆಲಸದ ಮೇಲೆ ನಾನು ಬೆಲ್ಜಿಯಂನ ಲೂವೆನ್‌ನಲ್ಲಿದ್ದೆ. ಹಳೇ ಯೂನಿವರ್ಸಿಟಿ ಊರು, ಸ್ಟೆಲ್ಲಾ ಆರ್ಟ್ವಾ ಬಿಯರಿನ ಊರೂ ಅದೇ. ನಮ್ಮ ಬಾಡಿಗೆ ಮನೆ ಕೆಳಗೆ ಒಂದು ನೆಲಮಾಳಿಗೆ ಇತ್ತು, ಪಕ್ಕದ ಮನೆಯವರ ನೆಲಮಾಳಿಗೆಗೂ ನಮ್ದಕ್ಕೂ ನಡುವೆ ಒಂದು ಮರದ ತಟ್ಟಿ ಅಷ್ಟೇ. ಪಕ್ಕದ ಮನೇಲಿ ಒಬ್ಬರು ಅಜ್ಜ, ರಿಟೈರ್ಡ್ ಮೇಷ್ಟ್ರು. ತಟ್ಟಿ ಆಚೆಯಿಂದ ದಿನಾ ಒಂದು ವಾಸನೆ ಬರ್ತಿತ್ತು, ಹುಳಿನೂ ಹೌದು, ಒದ್ದೆ ಹುಲ್ಲಿನದೂ ಹೌದು, ಸ್ವಲ್ಪ ನಮ್ಮ ಕೊಟ್ಟಿಗೆದೂ ಹೌದು. ಬೇರೆ ಯಾರಿಗಾದ್ರೂ ಮೂಗು ಮುಚ್ಕೋಬೇಕು ಅನ್ಸಿರೋದು, ನಂಗೆ ಊರು ನೆನಪಾಯ್ತು. ಕೇಳಿದೆ. ಅಜ್ಜ ಮನೇಲೇ ಹುಳಿ ಬಿಯರ್ ಮಾಡ್ತಿದ್ದರು.

ಊರಲ್ಲಿ ಇದನ್ನ ಹೇಳಿದ್ರೆ ಮೊದಲನೇ ಪ್ರಶ್ನೆ ಇಲ್ಲೂ ಮಾಡ್ತೀಯಾ ಅಂತ. ಇಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಮನೇಲಿ ಕುಡಿಯೋಕೆ ಮಾಡಿದ್ದು ಅಂದ್ರೂ ಬಿಡಲ್ಲ. ನಾನು ಮಾಡಿದ್ದು ಅಲ್ಲಿ, ನಾಲ್ಕೇ ನಾಲ್ಕು ಸಲ.

ಎರಡನೇ ಪ್ರಶ್ನೆ, ಬಿಯರ್ ಹುಳಿ ಯಾಕಪ್ಪಾ ಇರ್ಬೇಕು? ಇದಕ್ಕೆ ಸ್ವಲ್ಪ ಹೇಳ್ಬೇಕು. ಮಾಮೂಲಿ ಬಿಯರಿನಲ್ಲಿ ಕೆಲಸ ಮಾಡೋದು ಒಂದೇ ಜಾತಿ ಯೀಸ್ಟು. ಮೊಳಕೆ ಬಾರ್ಲಿಯ ಸಿಹಿ ನೀರು ಅದಕ್ಕೆ ಊಟ, ಹತ್ತು ಹದಿನೈದು ದಿನದಲ್ಲಿ ತಿಂದು ಮುಗಿಸಿ ತಳಕ್ಕೆ ಕೂತ್ಕೊಳ್ಳುತ್ತೆ. ಹಿಂಗೆ ಒಂದೇ ಯೀಸ್ಟನ್ನ ಬೇರೆ ಮಾಡಿ ಬೆಳೆಸೋ ವಿದ್ಯೆ ಬಂದಿದ್ದು 1883ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ, ಎಮಿಲ್ ಹ್ಯಾನ್ಸೆನ್ ಮಾಡಿದ್ದು. ಅದಕ್ಕಿಂತ ಮುಂಚೆ ಎಲ್ಲಾ ಬಿಯರೂ ಸಂತೆಯೇ, ಯೀಸ್ಟು, ಬ್ಯಾಕ್ಟೀರಿಯಾ, ಇನ್ನೊಂದು ಮತ್ತೊಂದು ಎಲ್ಲಾ ಸೇರಿದ್ದು. ತಮಾಷೆ ಅಂದ್ರೆ ಅದೇ ಕಾರ್ಲ್ಸ್‌ಬರ್ಗಿನ ಇನ್ನೊಬ್ಬ, ಕ್ಲೌಸೆನ್ ಅಂತ, 1904ರಲ್ಲಿ ಇಂಗ್ಲೆಂಡಿನ ಹಳೇ ಬಿಯರುಗಳಿಗೆ ಆ ವಿಶೇಷ ರುಚಿ ಕೊಡೋದು ಒಂದು ನಿಧಾನದ ಕಾಡು ಯೀಸ್ಟು ಅಂತ ಹೇಳಿ ಅದಕ್ಕೆ ಬ್ರೆಟನೋಮೈಸಿಸ್ ಅಂತ ಹೆಸರಿಟ್ಟ. ಬ್ರಿಟಿಷ್ ಬೂಷ್ಟು ಅಂತ ಅರ್ಥ. ಎಲ್ಲರೂ ಪ್ರೀತಿಯಿಂದ ಬ್ರೆಟ್ ಅಂತಾರೆ. ಅಜ್ಜನ ನೆಲಮಾಳಿಗೆಯ ಕೊಟ್ಟಿಗೆ ವಾಸನೆ ಇದರದ್ದೇ.

ಬೆಲ್ಜಿಯಂನವರು ಆ ಸಂತೆ ಬಿಡಲಿಲ್ಲ. ಬ್ರಸೆಲ್ಸ್‌ನ ಆಂಡರ್ಲೆಕ್ಟ್‌ನಲ್ಲಿ ಕ್ಯಾಂಟಿಯೋನ್ ಅಂತ ಒಂದು ಬ್ರೂವರಿ ಇದೆ, 1900ರಲ್ಲಿ ಶುರುವಾಗಿದ್ದು, ಈಗ ಮ್ಯೂಸಿಯಮ್ಮೂ ಹೌದು, ಅಜ್ಜನೇ ಕರ್ಕೊಂಡು ಹೋಗಿ ತೋರಿಸಿದ್ದು. ಅಲ್ಲಿ ಯೀಸ್ಟ್ ಹಾಕೋದೇ ಇಲ್ಲ. ಅಟ್ಟದ ಮೇಲೆ, ಹೆಂಚಿನ ಕೆಳಗೆ, ಒಂದು ಅಗಲವಾದ ತಾಮ್ರದ ತೊಟ್ಟಿ. ಚಳಿಗಾಲದ ರಾತ್ರಿ ಬಿಸಿ ಸಿಹಿ ನೀರು ಅದರಲ್ಲಿ ತೆರೆದೇ ಆರುತ್ತೆ, ಗಾಳಿಯಲ್ಲಿದ್ದದ್ದು ಬಂದು ಬೀಳುತ್ತೆ, ಬೆಳಿಗ್ಗೆ ಅದು ಮರದ ಪೀಪಾಯಿಗೆ ಹೋಗುತ್ತೆ, ಒಂದು ವರ್ಷ ಎರಡು ವರ್ಷ ಮೂರು ವರ್ಷ ಅಲ್ಲೇ. ಅಲ್ಲಿ ಜೇಡರ ಬಲೆ ತೆಗೆಯಲ್ಲ, ಹುಳ ಹುಪ್ಪಟೆ ಹಿಡಿಯೋದು ಅವೇ ಅಂತ. ನಮ್ಮ ಹಳೇ ಮನೆ ಅಟ್ಟದಲ್ಲಿ ಅಡಿಕೆ ಚೀಲದ ಹಿಂದೆ ನಿಂತಂಗೇ ಆಯ್ತು ನಂಗೆ, ಅದೇ ಕತ್ತಲೆ, ಅದೇ ಧೂಳಿನ ಬೆಳಕು.

ನಂಗೆ ಅಷ್ಟು ಧೈರ್ಯ ಇರಲಿಲ್ಲ, ಪ್ಯಾಕೆಟ್ ತಂದೆ. ರೋಸೆಲಾರೆ ಬ್ಲೆಂಡ್ ಅಂತ ಅದರ ಹೆಸರು. ರೋಸೆಲಾರೆ ಅಂದ್ರೆ ಬೆಲ್ಜಿಯಂನ ಪಶ್ಚಿಮದ ಊರು, ರೋಡೆನ್‌ಬಾಕ್ ಅನ್ನೋ ಬ್ರೂವರಿ 1821ರಿಂದ ಅಲ್ಲೇ ಇರೋದು, ಅದರ ಕೆಂಪು ಹುಳಿ ಬಿಯರ್ ಆಗೋದು ಆಳೆತ್ತರ ಮೀರಿದ ಓಕ್ ಮರದ ಪೀಪಾಯಿಗಳಲ್ಲಿ. ಪ್ಯಾಕೆಟ್ ಮಾತ್ರ ಅಮೆರಿಕದ ವೈಯೀಸ್ಟ್ ಕಂಪನಿದು. ಪಕ್ಕದ ಜಿಲ್ಲೆಯ ಹೆಪ್ಪು ಸಮುದ್ರ ದಾಟಿ ಬಂದಿದೆ ನೋಡು ಅಂತ ಅಜ್ಜ ನಕ್ಕಿದ್ದೇ ನಕ್ಕಿದ್ದು. ಅದರೊಳಗೆ ಬಿಯರ್ ಯೀಸ್ಟು, ಶೆರ್ರಿ ಯೀಸ್ಟು, ಎರಡು ಥರ ಬ್ರೆಟ್ಟು, ಜೊತೆಗೆ ಹುಳಿ ಮಾಡೋ ಎರಡು ಬ್ಯಾಕ್ಟೀರಿಯಾ: ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್. ಮೊದಲನೇದು ನಮ್ಮ ಮೊಸರಿನವರ ನೆಂಟನೇ, ಎರಡನೇದೂ ದೂರದ ಸಂಬಂಧ.

2014ರ ಅಕ್ಟೋಬರ್‌ನಲ್ಲಿ ಇಪ್ಪತ್ತು ಲೀಟರ್ ಹಾಕಿದೆ, ಗಾಜಿನ ದೊಡ್ಡ ಜಾಡಿಗೆ. ಹಾಪ್ಸ್ ಅಂದ್ರೆ ಬಿಯರಿಗೆ ಕಹಿ ಕೊಡೋ ಹೂವು, ಅದನ್ನ ಕೈ ಬಿಗಿ ಹಿಡಿದು ಹಾಕಿದೆ, ಜಾಸ್ತಿ ಕಹಿ ಇದ್ರೆ ಲ್ಯಾಕ್ಟೋಬ್ಯಾಸಿಲಸ್ ತಲೆ ಎತ್ತಲ್ಲ. ಒಂದು ವಾರ ಬುಸುಬುಸು ಅಂತ ಉಕ್ಕಿತು, ಆಮೇಲೆ ತಣ್ಣಗಾಯ್ತು. ಮೂರು ತಿಂಗಳಿಗೆ ಮೇಲೆ ಒಂದು ಬಿಳಿ ಪೊರೆ ಕಟ್ಟಿತು, ಕಾಯಿಸಿದ ಹಾಲಿನ ಕೆನೆ ಸುಕ್ಕಾಗುತ್ತಲ್ಲ ಹಂಗೆ, ಮಧ್ಯ ಮಧ್ಯ ಗುಳ್ಳೆ. ಹದಿನಾಲ್ಕು ತಿಂಗಳು ಕಾದೆ. ಬಾಟಲಿಗೆ ತುಂಬಿಸಿ ಕುಡಿದ್ರೆ, ಹುಳಿಯೇ ಇಲ್ಲ! ಅಂದ್ರೆ ಇತ್ತು, ನೀರು ಮಜ್ಜಿಗೆಯಷ್ಟು. ಒಂದು ವರ್ಷದ ಮೇಲೆ ಎರಡು ತಿಂಗಳು ಕಾದು ನೀರು ಮಜ್ಜಿಗೆ.

ಅಜ್ಜ ಹೇಳಿದ್ರು, ಗಸಿ ಚೆಲ್ಬೇಡ, ಅದರ ಮೇಲೇ ಇನ್ನೊಂದು ಹಾಕು. ಮೊದಲನೇ ಸಲ ಎಲ್ಲರದ್ದೂ ಹಿಂಗೇ. ಇದು ನಿಜ. ಹೊಸ ಪ್ಯಾಕೆಟಿನಲ್ಲಿ ಬಿಯರ್ ಯೀಸ್ಟು ಬಲವಾಗಿರುತ್ತೆ, ಸುಲಭದ ಸಕ್ಕರೆ ಎಲ್ಲಾ ಅದೇ ಮೊದಲು ಬಾಚಿ ತಿನ್ನುತ್ತೆ, ಹಿಂದೆ ಬಂದವರಿಗೆ ಎಂಜಲೇ ಗತಿ. ಅದೇ ಗಸಿ ಇನ್ನೊಂದು ಸಲ ಹಾಕಿದ್ರೆ ಪಂಕ್ತಿಯೇ ಬದಲು. ಹದಿನಾಲ್ಕು ತಿಂಗಳು ಹುಳಿಯಲ್ಲಿ ಮುಳುಗಿ ಬಿಯರ್ ಯೀಸ್ಟು ಮುಕ್ಕಾಲು ಪಾಲು ಸತ್ತಿರುತ್ತೆ, ಬ್ರೆಟ್ಟು ಆ ಸತ್ತವರನ್ನೂ ತಿಂದ್ಕೊಂಡು ಬದುಕಿರುತ್ತೆ, ಬ್ಯಾಕ್ಟೀರಿಯಾಗಳು ಸಂಸಾರ ಬೆಳೆಸಿರ್ತವೆ. ಈಗ ಅವರೇ ಮೊದಲನೇ ಪಂಕ್ತಿ.

ನಾನು ಮಾಡಿದ ದಡ್ಡತನ ಅಂದ್ರೆ ತಳದ ಗಸಿ ಅಷ್ಟಕ್ಕೂ ಹೊಸ ಸಿಹಿ ನೀರು ಸುರಿದಿದ್ದು. ಇಪ್ಪತ್ತು ಲೀಟರಿಗೆ ಒಂದು ಲೋಟ ಗಸಿ ಸಾಕು. ಅಮ್ಮ ಯಾವತ್ತಾದ್ರೂ ಒಂದು ಲೀಟರ್ ಹಾಲಿಗೆ ಅರ್ಧ ಲೀಟರ್ ಮೊಸರು ಹೆಪ್ಪು ಹಾಕ್ತಾಳಾ? ಆದ್ರೂ ಎರಡನೇದು ಚೆನ್ನಾಗೇ ಬಂತು, ಅದೃಷ್ಟ. ಒಂಬತ್ತೇ ತಿಂಗಳಿಗೆ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 3.4ಕ್ಕೆ ಇಳಿದಿತ್ತು, ಮುರುಗಲು ಸಿಪ್ಪೆ ನೆನೆಸಿದ ನೀರಿನ ಥರದ ಹುಳಿ, ಹಿಂದಿನಿಂದ ಸ್ವಲ್ಪ ಒಗರು. ನನ್ನ ನಾಲ್ಕು ಬ್ಯಾಚಿನಲ್ಲಿ ಅದೇ ಒಳ್ಳೇದು.

ಹೆಪ್ಪು ಹಿಂಗೇ ಸಾಗಿಸ್ಕೊಂಡು ಹೋದ್ರೆ ಅದೇ ರುಚಿ ಬರ್ತಾನೇ ಇರುತ್ತೆ ಅನ್ಕೊಂಡು 2016ರ ಸೆಪ್ಟೆಂಬರ್‌ನಲ್ಲಿ ಮೂರನೇದು ಹಾಕಿದೆ. ನಾಲ್ಕು ದಿನ ಏನೂ ಇಲ್ಲ, ಒಂದು ಗುಳ್ಳೆ ಇಲ್ಲ. ಬಿಯರ್ ಯೀಸ್ಟು ಅನ್ನೋರು ಅಲ್ಲಿ ಯಾರೂ ಉಳಿದಿರಲಿಲ್ಲ. ಗಾಬರಿಯಾಗಿ ಒಂದು ಪ್ಯಾಕೆಟ್ ಮಾಮೂಲಿ ಏಲ್ ಯೀಸ್ಟ್ ತಂದು ಸುರಿದೆ, ಆಮೇಲೆ ಶುರುವಾಯ್ತು. ಎರಡೂವರೆ ತಿಂಗಳಿಗೆ ರುಚಿ ನೋಡೋಣ ಅಂತ ಪೈಪ್ ಹಾಕಿ ಒಂದು ಗ್ಲಾಸ್ ಎಳೆದ್ರೆ, ಬಿಯರ್ ಸದ್ದಿಲ್ಲದೆ ಇಳೀತು. ಹರಳೆಣ್ಣೆ ಇಳಿದಂಗೆ. ಗ್ಲಾಸ್ ಓರೆ ಮಾಡಿದ್ರೆ ಒಂದೇ ಮುದ್ದೆಯಾಗಿ ಜಾರ್ತಿತ್ತು, ಬೆರಳು ಅದ್ದಿ ಎತ್ತಿದ್ರೆ ಎಳೆ. ವಾಸನೆ ಹಳೇ ಬೆಣ್ಣೆದು.

ನಾನು ಜಾಡಿ ಎತ್ಕೊಂಡು ಮೋರಿಗೆ ಹೊರಟಿದ್ದೆ. ಅಜ್ಜ ತಟ್ಟಿ ಆಚೆಯಿಂದ ನೋಡಿ, "ಎಲ್ಲಿಗೆ? ಅದಕ್ಕೆ ಹುಷಾರಿಲ್ಲ ಅಷ್ಟೇ, ಮಲಗಿಸು" ಅಂದ್ರು. ಅಲ್ಲಿನವರು ನಿಜವಾಗ್ಲೂ ಹಂಗೇ ಹೇಳೋದು, ಬಿಯರ್ ಕಾಯಿಲೆ ಬಿದ್ದಿದೆ ಅಂತ. ಪೀಡಿಯೋಕಾಕಸ್ ಹುಳಿ ಮಾಡ್ತಾ ಮಾಡ್ತಾ ಸಕ್ಕರೆಯನ್ನೇ ಹೆಣೆದು ಅಂಟು ಮಾಡುತ್ತೆ, ಅದೇ ಈ ಲೋಳೆ. ಬೆಣ್ಣೆ ವಾಸನೆ ಡಯಾಸಿಟೈಲ್ ಅನ್ನೋ ರಾಸಾಯನಿಕದ್ದು, ಅದೂ ಅದರದ್ದೇ ಕೈವಾಡ. ಒಂಟಿಯಾಗಿ ಬಿಟ್ರೆ ಅಲ್ಲಿಗೆ ಕತೆ ಮುಗೀತು, ಚೆಲ್ಲೋದೇ. ಆದ್ರೆ ಜಾಡಿಯಲ್ಲಿ ಬ್ರೆಟ್ ಇದೆಯಲ್ಲ, ಅದು ಯಾವುದಕ್ಕೂ ಅವಸರ ಮಾಡಲ್ಲ, ಎಲ್ಲರದ್ದೂ ಊಟ ಆದ್ಮೇಲೆ ಬಂದು ಆ ಅಂಟನ್ನೂ ತಿನ್ನುತ್ತೆ, ಬೆಣ್ಣೆ ವಾಸನೆಯನ್ನೂ ಮುಗಿಸುತ್ತೆ. ಮದುವೆ ಮನೇಲಿ ಎಲ್ಲರೂ ಹೋದ್ಮೇಲೆ ಹಂಡೆ ತೊಳೆಯೋಕೆ ಕೂತ್ಕೊಳ್ಳೋ ದೂರದ ಮಾವ ಒಬ್ಬ ಇರ್ತಾನಲ್ಲ, ಅವನು. ಎರಡು ತಿಂಗಳು ಬಿಟ್ಟು ಎಳೆದೆ. ನೀರಿನ ಹಾಗೆ ಸಳಸಳ ಇಳೀತು. ಎಳೆ ಇಲ್ಲ, ಬೆಣ್ಣೆ ಇಲ್ಲ.

ಅದಕ್ಕೇ ಅವತ್ತು ಒಲೆ ಹತ್ರ ನನ್ನ ಬಾಯಿಂದ ಎರಡು ತಿಂಗಳು ಅಂತ ಬಂದಿದ್ದು. ಮೊಸರಿನಲ್ಲಿ ಲೋಳೆ ಮಾಡೋ ಬ್ಯಾಕ್ಟೀರಿಯಾ ಬೇರೆ, ಅಂಟು ಮಾತ್ರ ಅದೇ ಜಾತಿದು. ಮೊಸರಿನ ಪಾತ್ರೆಯಲ್ಲಿ ಆ ದೂರದ ಮಾವ ಇಲ್ಲ. ಅಮ್ಮ ಚೆಲ್ಲಿದ್ದೇ ಸರಿ.

ಮೂರನೇದು ಕೊನೆಗೆ ಕುಡಿಯೋ ಹಾಗಾಯ್ತು, ಆದ್ರೆ ಎರಡನೇದರ ರುಚಿ ಅಲ್ಲ, ಬಾಯಿ ಕಿವುಚಿಕೊಳ್ಳೋವಷ್ಟು ಹುಳಿ. ಅದೇ ಹೆಪ್ಪು, ಅದೇ ಜಾಡಿ, ಅದೇ ಮೊಳಕೆ ಬಾರ್ಲಿ. ಅಜ್ಜನದ್ದು ಯಾಕೆ ವರ್ಷ ವರ್ಷ ಒಂದೇ ಥರ ಬರುತ್ತೆ ಅಂತ ಕೇಳಿದ್ದಕ್ಕೆ ಅವರು ತಿರುಗಿಸಿ ಕೇಳಿದ್ರು, ನೀನು ಗಸಿ ತೆಗೆಯೋದು ಯಾವಾಗ? ಯಾವಾಗ ಅಂದ್ರೆ, ಬಾಟಲಿ ತುಂಬಿಸಿದ ದಿನ, ಎಲ್ಲಾ ಮುಗಿದ್ಮೇಲೆ. ಅಲ್ಲೇ ಇರೋದು ಎಡವಟ್ಟು. ಅವರು ಹಂಗೆ ಮಾಡ್ತಿರಲಿಲ್ಲ. ಹೊಸ ಬ್ಯಾಚ್ ಹಾಕಿ ಮೂರು ನಾಲ್ಕು ವಾರಕ್ಕೆ, ಇನ್ನೂ ಮಬ್ಬು ಮಬ್ಬಾಗಿರುವಾಗ, ಮಧ್ಯದಿಂದ ಒಂದು ಜಾಮ್ ಬಾಟಲಿಯಷ್ಟು ಎಳೆದು ಫ್ರಿಜ್ಜಿನಲ್ಲಿ ಇಡೋರು, ಮುಚ್ಚಳ ಬಿಗಿ ಮಾಡದೆ. ಆಗ ಎಲ್ಲರೂ ಜೀವಂತ ಇರ್ತಾರೆ. ಮುಂದಿನ ಸಲಕ್ಕೆ ಅದರಿಂದ ಒಂದು ಪಾಲು, ಹಳೇ ಜಾಡಿಯ ತಳದಿಂದ ಒಂದು ಸೌಟು. ಎಳೇದು ಶಕ್ತಿಗೆ, ಹಳೇದು ರುಚಿಗೆ.

ಹದಿನಾಲ್ಕು ತಿಂಗಳಿಗೆ ತೆಗೆದ ಗಸಿಯಲ್ಲಿ ಅಷ್ಟು ದಿನ ಹುಳಿ ತಡ್ಕೊಂಡೋರು ಮಾತ್ರ ಇರೋದು. ಮೂರು ವಾರಕ್ಕೆ ತೆಗೆದ್ರೆ ಓಡೋರು ಇರ್ತಾರೆ. ನಾನು ಹೆಪ್ಪು ಉಳಿಸ್ತಿದೀನಿ ಅನ್ಕೊಂಡಿದ್ದೆ, ಮಾಡ್ತಿದ್ದಿದ್ದು ಆರಿಸೋದು, ಅದೂ ಕಣ್ಣು ಮುಚ್ಕೊಂಡು, ಕ್ಯಾಲೆಂಡರ್ ನೋಡಿ. ಪ್ರತಿ ಸಲ ತಡವಾಗಿ ತೆಗೆದು ತೆಗೆದು ಹುಳಿಯವರನ್ನೇ ಆರಿಸಿದ್ದೆ, ಆಮೇಲೆ ಹುಳಿ ಜಾಸ್ತಿ ಆಯ್ತು ಅಂತ ಅವರನ್ನೇ ಬೈದಿದ್ದೆ.

ಆ ರಾತ್ರಿ ಅಮ್ಮಂಗೆ ಫೋನ್ ಮಾಡಿ ಕೇಳಿದೆ, ಹೆಪ್ಪಿಗೆ ಮೊಸರು ಯಾವಾಗ ತೆಗೆದಿಡ್ತೀಯ ಅಂತ. ಬಿಯರ್ ವಿಷಯ ಹೇಳಲಿಲ್ಲ. "ಬೆಳಿಗ್ಗೆ ಎದ್ದ ತಕ್ಷಣ, ಇನ್ನೂ ಸಿಹಿ ಇರುವಾಗ. ಸಂಜೆದು ಹಾಕಿದ್ರೆ ನಾಳೆ ಬೆಳಿಗ್ಗೆನೇ ಹುಳಿ ಬರುತ್ತೆ, ಅಷ್ಟೂ ಗೊತ್ತಿಲ್ವಾ? ಎಂತಕ್ಕೆ, ಅಲ್ಲಿ ಮೊಸರು ಸಿಗಲ್ವಾ?" ಅಂದ್ಲು. ಹೊರಗೆ ಬಾವಿಯಿಂದ ಯಾರೋ ನೀರು ಸೇದ್ತಿದ್ದ ರಾಟೆ ಸದ್ದು ಫೋನಲ್ಲಿ ಕೇಳ್ತಿತ್ತು.

ಅಲ್ಲಿ ಹೆಪ್ಪು ಅಕ್ಕಪಕ್ಕ ಕೊಟ್ಟು ತಗೊಳ್ಳೋದೂ ಇತ್ತು. ಪಶ್ಚಿಮ ಬೆಲ್ಜಿಯಂನ ಎಸೆನ್ ಅನ್ನೋ ಹಳ್ಳೀಲಿ ದೆ ದೊಲ್ಲೆ ಅಂತ ಬ್ರೂವರಿ ಇದೆ, 1980ರಲ್ಲಿ ಶುರುವಾಗಿದ್ದು, ಅವರ ಬಿಯರಿಗೆ ಯೀಸ್ಟು ರೋಡೆನ್‌ಬಾಕಿನಿಂದ ಬರ್ತಿತ್ತು, 1990ರ ದಶಕದ ಕೊನೆವರೆಗೂ. ಕಾಲು ಗಂಟೆ ಅರ್ಧ ಗಂಟೆ ದಾರಿ, ಹೋಗಿ ತರೋದು. ಕೊಡೋದು ನಿಂತ ಮೇಲೆ ಅವರು ಇದ್ದದ್ದನ್ನೇ ಬೆಳೆಸ್ಕೊಂಡು ಹೋಗಬೇಕಾಯ್ತು. ಮೊನ್ನೆ ನಮ್ಮನೇಲಿ ಲೋಳೆ ಚೆಲ್ಲಿದ ಮೇಲೆ ನಾನೂ ಕೊಡೆ ಹಿಡ್ಕೊಂಡು ಲೋಟ ತಗೊಂಡು ಕೆಳಮನೆಗೆ ಹೋಗಿದ್ದೆ. ಅತ್ತಿಗೆ ಒಂದು ಸೌಟು ಹಾಕಿ ಕೊಟ್ಟು, "ಇದು ನಿಮ್ಮನೇದೇ. ನಮ್ಮದು ಹೋದ ಮಳೆಗಾಲ ಕೆಟ್ಟಾಗ ದೊಡ್ಡಮ್ಮನ ಹತ್ರ ತಂದಿದ್ದು" ಅಂದ್ರು. ಮನೆಗೆ ತಂದು ಹಾಕಿದ್ವಿ, ಅಮ್ಮ ಮಾರನೇ ದಿನ ಒಂದು ತುತ್ತು ಬಾಯಿಗಿಟ್ಟು, "ನಮ್ಮನೇದಲ್ಲ ಇದು" ಅಂತ ತೀರ್ಪು ಕೊಟ್ಲು. ಅವರ ಹಸು ಜರ್ಸಿ, ಒಲೆ ಬೇರೆ, ಅವರು ಬೆಳಿಗ್ಗೆ ತಡವಾಗಿ ಏಳ್ತಾರೆ. ಒಂದು ವರ್ಷ ಅಲ್ಲಿದ್ದು ಆ ಹೆಪ್ಪಿನ ಬ್ಯಾಕ್ಟೀರಿಯಾಗಳೂ ಅಲ್ಲಿಯವೇ ಆಗಿಹೋಗಿದ್ವು.

ನಾಲ್ಕನೇದರ ಕತೆ ಚಿಕ್ಕದು. ಅಜ್ಜ ಹೇಳಿದ ಹಾಗೇ ಎಲ್ಲಾ ಮಾಡಿದೆ, 2017ರ ಜೂನ್‌ನಲ್ಲಿ. ಡಿಸೆಂಬರ್‌ನಲ್ಲಿ ಚಿಕ್ಕಪ್ಪನ ಮಗಳ ಮದುವೆ, ಒಂದು ತಿಂಗಳು ತೀರ್ಥಹಳ್ಳಿಗೆ ಬಂದುಬಿಟ್ಟೆ. ಜಾಡಿ ಬಾಯಿಗೆ ಏರ್‌ಲಾಕ್ ಅಂತ ಇರುತ್ತೆ, ಅದರೊಳಗಿನ ಎರಡು ಚಮಚ ನೀರು ಗಾಳಿ ಒಳಗೆ ಹೋಗದಂತೆ ತಡೆಯೋದು. ಪಕ್ಕದಲ್ಲೇ ಮನೆ ಬಿಸಿ ಮಾಡೋ ಬಾಯ್ಲರ್, ಆ ನೀರು ಒಣಗಿಹೋಗಿತ್ತು. ಗಾಳಿ ಸಿಕ್ಕಿದ್ದೇ ತಡ ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಬಂದು ಕೂತಿದೆ. ವಾಪಸ್ ಹೋಗಿ ಮೂಗು ಹತ್ರ ತಂದೆ, ವಿನೆಗರ್. ಇಪ್ಪತ್ತು ಲೀಟರ್ ಒಳ್ಳೇ ವಿನೆಗರ್. ಅದನ್ನ ಬ್ರೆಟ್ಟೂ ಸರಿ ಮಾಡಲ್ಲ, ಯಾವ ಮಾವನೂ ಮಾಡಲ್ಲ, ವಿನೆಗರ್ ಆಗಿದ್ದು ಆಯ್ತು. ಎರಡು ಚಮಚ ನೀರು! ಉಪ್ಪಿನಕಾಯಿ ಭರಣಿ ಬಾಯಿಗೆ ಬಟ್ಟೆ ಕಟ್ಟದೆ ಊರಿಗೆ ಹೋದ್ರೆ ಅಜ್ಜಿ ಎಷ್ಟು ಬೈತಿದ್ಲು ಅನ್ನೋದು ಆಗ ನೆನಪಾಯ್ತು, ಉಪಯೋಗ ಇಲ್ಲದ ಹೊತ್ತಿಗೆ.

ಹೊಸಬರು ಯಾರಾದ್ರೂ, ಮಾಡೋಕೆ ಕಾನೂನು ಒಪ್ಪೋ ದೇಶದಲ್ಲಿರೋರು, ಕೇಳಿದ್ರೆ ನಾನು ಹೇಳೋದು ಇಷ್ಟೇ: ಏರ್‌ಲಾಕ್ ನೀರು ನೋಡ್ಕೊಳ್ಳಿ, ಈ ಜಾಡಿಗೆ ಮುಟ್ಟಿಸಿದ ಪ್ಲಾಸ್ಟಿಕ್ ಪೈಪು ಮಾಮೂಲಿ ಬಿಯರಿಗೆ ಮುಟ್ಟಿಸಬೇಡಿ, ಬೇಗ ಬಾಟಲಿ ತುಂಬಬೇಡಿ. ಬ್ರೆಟ್ಟು ಬಾಟಲಿಯೊಳಗೂ ತಿಂತಾನೇ ಇರುತ್ತೆ, ಗ್ಯಾಸ್ ಕಟ್ಟಿ ಬಾಟಲಿ ಒಡೆದ್ರೆ ಗಾಜು ಮುಖಕ್ಕೆ ಬರುತ್ತೆ. ದಪ್ಪ ಬಾಟಲಿ ತಗೊಳ್ಳಿ.

2018ರಲ್ಲಿ ವಾಪಸ್ ಬರುವಾಗ ಎರಡನೇ ಬ್ಯಾಚಿನ ಎರಡು ಬಾಟಲಿ ತಂದೆ, ಶಾಂಪೇನ್ ಬಾಟಲಿ ಥರ ದಪ್ಪದ್ದು, ಸೂಟ್‌ಕೇಸಲ್ಲಿ ಪಂಚೆ ಸುತ್ತಿ. ಒಂದನ್ನ ಚಿಕ್ಕಪ್ಪನ ಜೊತೆ ಅಂಗಳದಲ್ಲಿ ಕೂತು ತೆಗೆದಿದ್ದಾಯ್ತು. ಅವರು ಒಂದು ಗುಟುಕು ಕುಡಿದು, ಗ್ಲಾಸ್ ಬೆಳಕಿಗೆ ಹಿಡಿದು ನೋಡಿ, "ಬಗನಿ ಕಳ್ಳು ಎರಡು ದಿನ ಬಿಟ್ರೆ ಹಿಂಗೇ ಆಗ್ತಿತ್ತಲ್ಲೋ. ಇದಕ್ಕೆ ವರ್ಷಗಟ್ಟಲೆ ಕಾದ್ಯಾ?" ಅಂದ್ರು. ಆದ್ರೂ ಗ್ಲಾಸ್ ಖಾಲಿ ಮಾಡಿದ್ರು.

ಇನ್ನೊಂದನ್ನ ಹೋದ ದೀಪಾವಳಿಗೆ ಒಬ್ಬನೇ ಕೂತು ಕುಡಿದೆ. ಕೊನೆಯ ಎರಡು ಬೆರಳಷ್ಟು ಬಿಟ್ಟೆ, ತಳದಲ್ಲಿ ಬೂದು ಬಣ್ಣದ ಗಸಿ ತೆಳ್ಳಗೆ ಕೂತಿತ್ತು. ಇಷ್ಟು ವರ್ಷ ಆದ್ಮೇಲೂ ಅದರಲ್ಲಿ ಬ್ರೆಟ್ ಬದುಕಿರೋ ಸಾಧ್ಯತೆ ಇದೆ. ಏನೂ ಮಾಡೋ ಹಾಗಿಲ್ಲ, ಗೊತ್ತು, ಆದ್ರೂ ಬಿರಡೆ ಹಾಕಿ ಫ್ರಿಜ್ಜಿನ ಹಿಂದಿನ ಮೂಲೆಗೆ ಇಟ್ಟಿದ್ದೆ. ಅಜ್ಜ ಈಗಲೂ ವರ್ಷಕ್ಕೊಂದು ಸಲ ಅವರ ಜಾಡಿಯ ಪೊರೆ ಫೋಟೋ ವಾಟ್ಸಾಪಿನಲ್ಲಿ ಕಳಿಸ್ತಾರೆ. ನಾನು ಬಿಟ್ಟು ಬಂದ ಮೂರನೇ ಬ್ಯಾಚಿನ ಗಸಿಯೂ ಒಂದು ಸೌಟು ಅದರಲ್ಲಿ ಸೇರಿದೆಯಂತೆ, ಈಗ ಯಾವುದು ಯಾರದ್ದು ಅಂತ ಅವರಿಗೂ ಗೊತ್ತಿಲ್ಲ. ಮೊನ್ನೆ ಫೋಟೋ ಬಂದಾಗ ಉತ್ತರಕ್ಕೆ ನನ್ನ ಬಾಟಲಿಯದ್ದೊಂದು ಕಳಿಸೋಣ ಅಂತ ಫ್ರಿಜ್ ತೆಗೆದ್ರೆ ಬಾಟಲಿ ಇಲ್ಲ.

ಅಡುಗೆ ಮನೆ ಕಿಟಕೀಲಿ ಇತ್ತು. ಒಳಗೆ ಜೇನುತುಪ್ಪ.

"ಕರೆಂಟ್ ಹೋದಾಗ ಫ್ರಿಜ್ ಖಾಲಿ ಮಾಡಿದ್ನಲ್ಲ, ಆಗ ಸಿಕ್ತು. ಒಳ್ಳೇ ದಪ್ಪದ ಬಾಟಲಿ" ಅಂದ್ಲು ಅಮ್ಮ. "ತಳದಲ್ಲಿ ಎಂತದೋ ಗಲೀಜು ಕಚ್ಕೊಂಡಿತ್ತು, ಕುದಿಯೋ ನೀರು ಹಾಕಿ ಮೂರು ಸಲ ಕುಲುಕಿದೆ ನೋಡು, ಆಮೇಲೆ ಬಿಡ್ತು."